ಮೊದಲ ಬೈಕನ್ನು ನಡಿಗೆಯ ವೇಗದಲ್ಲಿ ಆರಿಸಿ

ಮೊದಲ ಬೈಕ್ ತೆಗೆದುಕೊಳ್ಳಬೇಕು ಎಂದು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಎಷ್ಟು ಸಿಸಿ ತಗೊಂಡ್ರೆ ಒಳ್ಳೆಯದು? ಅದರ ಬೆನ್ನಲ್ಲೇ ಪಿಕಪ್ ಹೇಗಿದೆ, ಟಾಪ್ ಸ್ಪೀಡ್ ಎಷ್ಟು, ನೂರು ದಾಟಿದರೆ ಗಾಡಿ ಅದುರುತ್ತಾ ಎಂಬ ವಿಚಾರಣೆ ಶುರುವಾಗುತ್ತದೆ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಎಂಜಿನ್ ಆಫ್ ಮಾಡಿ, ಸೀಟಿನ ಮೇಲೆ ಕೂತು, ಆ ಗಾಡಿಯನ್ನು ಕಾಲಿನಲ್ಲೇ ಹಿಂದಕ್ಕೆ ತಳ್ಳಿ ನೋಡಿದ್ದೀರಾ? ತುಂಬ ಜನ ನಗುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಹೊಸದಾಗಿ ಬೈಕ್ ಕಲಿತವರು ಮೊದಲ ಕೆಲವು ತಿಂಗಳು ಎಲ್ಲೆಲ್ಲಿ ಒದ್ದಾಡುತ್ತಾರೆ ಎಂದು ಸ್ವಲ್ಪ ಯೋಚಿಸಿ. ಒತ್ತೊತ್ತಾಗಿ ನಿಲ್ಲಿಸಿದ ಗಾಡಿಗಳ ನಡುವಿನಿಂದ ತಮ್ಮದನ್ನು ಹೊರಗೆ ತೆಗೆಯುವಾಗ. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ. ಕಿರಿದಾದ ರಸ್ತೆಯಲ್ಲಿ ಯೂ ಟರ್ನ್ ಹೊಡೆಯುವಾಗ. ಸಿಗ್ನಲ್ ಬಿಟ್ಟ ಕೂಡಲೇ ಕ್ಲಚ್ ಬೇಗ ಬಿಟ್ಟು ಎಂಜಿನ್ ಆಫ್ ಆದಾಗ. ಮಣ್ಣು, ಜಲ್ಲಿ ಇರುವ ಕಡೆ ಕಾಲು ಊರಿದಾಗ. ಇದೆಲ್ಲ ಗಂಟೆಗೆ ಹದಿನೈದು ಕಿಲೋಮೀಟರ್ ಒಳಗಿನ ಕಥೆ. ಗಾಡಿ ಮಾರುವವರು ಮಾತಾಡುವುದು ಮಾತ್ರ ನೂರರ ಮೇಲಿನ ಕಥೆಯನ್ನು. ವಿಡಿಯೊ ಮಾಡುವವರೂ ಅಷ್ಟೆ. ಯೂ ಟರ್ನ್ ಹೊಡೆಯುವುದನ್ನು ಯಾರು ಕೂತು ನೋಡ್ತಾರೆ, ಅಲ್ವಾ?

ನನ್ನ ಮಟ್ಟಿಗೆ ಮೊದಲ ಬೈಕನ್ನು ಆರಿಸಬೇಕಾದದ್ದು ನಡಿಗೆಯ ವೇಗದಲ್ಲಿ. ನಿಧಾನಕ್ಕೆ ಹೋಗುವಾಗ ಹೇಳಿದ ಮಾತು ಕೇಳುವ ಗಾಡಿ ಹೊಸಬರಿಗೆ ಒಳ್ಳೆಯ ಗಾಡಿ. ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು. ಇದಕ್ಕೆ ಒಂದು ವಿನಾಯಿತಿ ಇದೆ, ಬ್ರೇಕು. ಅದಕ್ಕೆ ಬರುತ್ತೇನೆ.

ಮೊದಲು ಸಿಸಿಯ ಲೆಕ್ಕ ಮುಗಿಸೋಣ. ಸಿಸಿ ಎಂದರೆ ಎಂಜಿನ್ನಿನೊಳಗೆ ಪಿಸ್ಟನ್ ಓಡಾಡುವ ಜಾಗದ ಅಳತೆ. ಆ ಜಾಗವನ್ನು ಕಂಪನಿ ಹೇಗೆ ಬಳಸಿಕೊಂಡಿದೆ ಎಂಬುದು ಆ ಅಂಕಿಯಲ್ಲಿ ಇರುವುದಿಲ್ಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಎಂಜಿನ್ 349 ಸಿಸಿ, ಅದರ ಶಕ್ತಿ ಸುಮಾರು 20 ಹಾರ್ಸ್‌ಪವರ್. ಕೆಟಿಎಂನ ಹಳೆಯ 390 ಡ್ಯೂಕ್ 373 ಸಿಸಿ, ಶಕ್ತಿ ಸುಮಾರು 43. ಸಿಸಿಯಲ್ಲಿ ಅಂಥ ವ್ಯತ್ಯಾಸವಿಲ್ಲ, ಶಕ್ತಿ ಮಾತ್ರ ಎರಡರಷ್ಟು. ಮೊದಲನೆಯದು ಆರು ಸಾವಿರ ಆರ್‌ಪಿಎಂ (ಎಂಜಿನ್ ಒಂದು ನಿಮಿಷಕ್ಕೆ ಸುತ್ತುವ ಸುತ್ತುಗಳ ಲೆಕ್ಕ) ಹತ್ತಿರ ತನ್ನ ಪೂರ್ತಿ ಶಕ್ತಿ ಕೊಟ್ಟು ಸುಮ್ಮನಾಗುತ್ತದೆ. ಎರಡನೆಯದು ಒಂಬತ್ತು ಸಾವಿರದವರೆಗೆ ಏರುತ್ತಲೇ ಹೋಗುತ್ತದೆ. ತೂಕಕ್ಕೆ ಬಂದರೆ ಲೆಕ್ಕ ಉಲ್ಟಾ. ಕ್ಲಾಸಿಕ್ 195 ಕಿಲೋ, ಡ್ಯೂಕ್ ಅದಕ್ಕಿಂತ ಸಾಕಷ್ಟು ಹಗುರ. ಹಾಗಾಗಿ ಒಂದು ಓಡಿಸಲು ಸೌಮ್ಯ, ತಳ್ಳಲು ಭಾರ. ಇನ್ನೊಂದು ತಳ್ಳಲು ಸುಲಭ, ಆಕ್ಸಿಲರೇಟರ್ ತಿರುಗಿಸುವಾಗ ಮೈಯೆಲ್ಲ ಕಣ್ಣಾಗಿರಬೇಕು. ಇಷ್ಟೆಲ್ಲ "ಮುನ್ನೂರೈವತ್ತರ ಆಸುಪಾಸು" ಎಂಬ ಒಂದೇ ಮಾತಿನೊಳಗೆ ಅಡಗಿ ಕೂತಿರುತ್ತದೆ.

ಹಾರ್ಸ್‌ಪವರ್‌ಗಿಂತಲೂ ಹೊಸಬರು ಗಮನಿಸಬೇಕಾದದ್ದು ಆ ಶಕ್ತಿ ಯಾವಾಗ, ಹೇಗೆ ಬರುತ್ತದೆ ಎಂಬುದನ್ನು. ಕೆಲವು ಎಂಜಿನ್ನುಗಳು ನಲ್ಲಿ ಇದ್ದ ಹಾಗೆ, ತಿರುಗಿಸಿದಷ್ಟೇ ನೀರು. ಕೆಲವು ಹಾಗಲ್ಲ. ಅರ್ಧದವರೆಗೆ ಏನೂ ಇಲ್ಲ, ಆಮೇಲೆ ಒಮ್ಮೆಲೇ ನುಗ್ಗುತ್ತವೆ. ಆರುನೂರು ಸಿಸಿಯ ಸ್ಪೋರ್ಟ್ಸ್ ಬೈಕುಗಳ ಗುಣ ಇದೇ. ಯಮಹಾ ಆರ್6 ತನ್ನ ಪೂರ್ತಿ ಶಕ್ತಿ ಕೊಡುವುದು ಹದಿನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ. ರೇಸ್ ಟ್ರ್ಯಾಕಿನಲ್ಲಿ ಅದೊಂದು ಸುಖ. ದಿನಬಳಕೆಯ ರಸ್ತೆಯಲ್ಲಿ ಹೊಸಬರಿಗೆ ಅದರಿಂದ ಕಲಿಯುವಂಥದ್ದು ಏನೂ ಸಿಗುವುದಿಲ್ಲ. ಗುಂಡಿಯೊಂದರ ಮೇಲೆ ಗಾಡಿ ಹಾರಿದಾಗ ಬಲಗೈ ತಾನಾಗಿಯೇ ಒಂದಿಷ್ಟು ತಿರುಗಿಬಿಡುತ್ತದೆ. ಹೊಸಬರೆಲ್ಲರ ಕೈಯೂ ಹಾಗೆಯೇ. ಇಪ್ಪತ್ತು ಹಾರ್ಸ್‌ಪವರ್ ಗಾಡಿಯಾದರೆ ಸಣ್ಣದೊಂದು ಜರ್ಕ್ ಕೊಟ್ಟು ಮುಂದೆ ಹೋಗುತ್ತದೆ. ಇನ್ನೂರು ಹಾರ್ಸ್‌ಪವರಿನದು ಅಷ್ಟು ತಾಳ್ಮೆ ತೋರಿಸುವುದಿಲ್ಲ.

ಇಲ್ಲಿ ಹೋಂಡಾ ಸೂಪರ್ ಕಬ್ ನೆನಪಾಗುತ್ತದೆ. 1958ರಲ್ಲಿ ಬಂದ ಗಾಡಿ. 49 ಸಿಸಿ, ನಾಲ್ಕೂವರೆ ಹಾರ್ಸ್‌ಪವರ್. ಎಡಗೈಗೆ ಕ್ಲಚ್ ಲಿವರ್ ಇಲ್ಲವೇ ಇಲ್ಲ, ಗೇರ್ ಬದಲಿಸುವಾಗ ಕ್ಲಚ್ ತಾನೇ ಬಿಟ್ಟು ಹಿಡಿಯುತ್ತದೆ. ಒಂದು ಕೈಯಲ್ಲಿ ಸಾಮಾನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಓಡಿಸುವ ಹಾಗಿರಬೇಕು ಎಂಬ ಯೋಚನೆ ಅದರ ಹಿಂದಿತ್ತು. 2017ರ ಹೊತ್ತಿಗೆ ಆ ಸರಣಿಯ ಗಾಡಿಗಳ ಸಂಖ್ಯೆ ಹತ್ತು ಕೋಟಿ ದಾಟಿತು. ಜಗತ್ತಿನಲ್ಲಿ ಎಷ್ಟೋ ಜನ ಬೈಕ್ ಕಲಿತದ್ದು ನಿಧಾನವಾಗಿ ಹೋಗಲೆಂದೇ ಮಾಡಿದ ಇಂಥ ಗಾಡಿಗಳ ಮೇಲೆ. ಅದನ್ನು ಯಾರೂ ಪೋಸ್ಟರ್ ಮಾಡಿ ಗೋಡೆಗೆ ಅಂಟಿಸಿಕೊಳ್ಳುವುದಿಲ್ಲ, ಬಿಡಿ.

ಇನ್ನು ಸೀಟಿನ ಎತ್ತರ ಮತ್ತು ತೂಕ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಗಿಡ್ಡಗಿರುವವರಿಗೆ ಈ ವಿಷಯ ತಾನಾಗಿಯೇ ಗೊತ್ತಿರುತ್ತದೆ. ಎತ್ತರದವರು ಅದನ್ನು ಯೋಚಿಸುವುದೇ ಇಲ್ಲ. ಹೋಂಡಾ ರೆಬೆಲ್ 500ರ ಸೀಟು ನೆಲದಿಂದ 690 ಮಿಲಿಮೀಟರ್ ಎತ್ತರ. ಕೆಟಿಎಂನ ಹಳೆಯ 390 ಅಡ್ವೆಂಚರ್‌ನದು 855. ನಡುವೆ ಮುಕ್ಕಾಲು ಗೇಣಿನಷ್ಟು ಅಂತರ. ಆದರೆ ಅಂಕಿ ಒಂದನ್ನೇ ನಂಬಬೇಡಿ. ಸೀಟಿನ ಮುಂಭಾಗ ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿಕೊಂಡು ಕಾಲು ನೆಲಕ್ಕೆ ಎಟುಕುವುದಿಲ್ಲ. ಅದೇ ಎತ್ತರದ ಕಿರಿದಾದ ಸೀಟಿನಲ್ಲಿ ಪಾದ ಪೂರ್ತಿ ಊರುತ್ತದೆ. ಸಸ್ಪೆನ್ಷನ್ ಮೆತ್ತಗಿದ್ದರೆ ನಿಮ್ಮ ಭಾರಕ್ಕೆ ಗಾಡಿ ಒಂದಿಷ್ಟು ಕೆಳಗಿಳಿಯುತ್ತದೆ. ಹೀಗಾಗಿ ಕೂತು ನೋಡದೆ ಏನೂ ಗೊತ್ತಾಗುವುದಿಲ್ಲ. ಕೂರುವಾಗ ದಿನಾ ಹಾಕುವ ಶೂ ಹಾಕಿಕೊಂಡೇ ಕೂರಿ.

ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲೇಬೇಕು ಎಂದು ಕೆಲವರು ಹಟ ಹಿಡಿಯುತ್ತಾರೆ. ನಾನು ಅಷ್ಟು ಕಟ್ಟುನಿಟ್ಟಲ್ಲ. ಒಂದು ಪಾದ ಗಟ್ಟಿಯಾಗಿ ಊರಿ, ಇನ್ನೊಂದು ಕಾಲು ಬ್ರೇಕಿನ ಮೇಲಿದ್ದರೆ ಸಾಕು. ಅನುಭವಸ್ಥರು ನಿಲ್ಲುವುದೇ ಹಾಗೆ. ಆದರೆ ಆ ಒಂದು ಪಾದ ಎಡಗಾಲೇ ಆಗಿರುತ್ತದೆ, ನೆಲ ಸಮವೇ ಆಗಿರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ರಸ್ತೆಯ ಅಂಚು ಇಳಿಜಾರಾಗಿದ್ದರೆ ನೆಲ ಇನ್ನಷ್ಟು ಕೆಳಗಿರುತ್ತದೆ. ಬೆರಳ ತುದಿಯಲ್ಲಿ ನಿಂತವರಿಗೆ ಅಲ್ಲೇ ಗಾಡಿ ವಾಲುತ್ತದೆ. ವಾಲಿದ ಮೇಲೆ ತೂಕದ ಪ್ರಶ್ನೆ. 150 ಕಿಲೋ ಗಾಡಿ ಹತ್ತು ಡಿಗ್ರಿ ವಾಲಿದರೆ ತೊಡೆಯ ಬಲದಲ್ಲಿ ಹಿಡಿದುಬಿಡಬಹುದು. 220 ಕಿಲೋ ಗಾಡಿ ಅಷ್ಟೇ ವಾಲಿದರೆ ನಮ್ಮ ಕೈ ಮೀರಿಹೋಗುತ್ತದೆ. ತೂಕ ಎಷ್ಟು ಎಂಬುದರ ಜತೆಗೆ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಎತ್ತರದ ದೊಡ್ಡ ಟ್ಯಾಂಕ್ ತುಂಬಿಸಿದ ದಿನ ಅದೇ ಗಾಡಿ ಬೇರೆಯದೇ ಅನ್ನಿಸುತ್ತದೆ. ಅಂಗಡಿಯಲ್ಲಿ ನಿಲ್ಲಿಸಿರುವ ಗಾಡಿಯ ಟ್ಯಾಂಕ್ ಸಾಮಾನ್ಯವಾಗಿ ಖಾಲಿಯೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಲುಗಾಡಿಸಿ ನೋಡಿ.

ಸೈಡ್ ಸ್ಟ್ಯಾಂಡಿನಿಂದ ಎತ್ತುವುದು, ಹಿಂದಕ್ಕೆ ತಳ್ಳುವುದು, ಇಳಿದು ಪಕ್ಕದಲ್ಲಿ ನಡೆಯುತ್ತಾ ಎರಡೂ ಕಡೆ ತಿರುಗಿಸುವುದು. ಈ ಮೂರನ್ನು ಮಾಡಿ ನೋಡಿದರೆ ಎಂಜಿನ್ ಶುರು ಮಾಡುವ ಮೊದಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹ್ಯಾಂಡಲ್ ಎಷ್ಟು ತಿರುಗುತ್ತದೆ ಎಂದೂ ನೋಡಿ. ಇದನ್ನು ಯಾಕೋ ಯಾರೂ ನೋಡುವುದಿಲ್ಲ. ತಗ್ಗಿದ ಹ್ಯಾಂಡಲ್ ಇರುವ ಸ್ಪೋರ್ಟ್ಸ್ ಬೈಕಿನಲ್ಲಿ ಅದು ಸ್ವಲ್ಪವೇ ತಿರುಗಿ ನಿಂತುಬಿಡುತ್ತದೆ. ಇನ್ನೂ ತಿರುಗಿದರೆ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆ. ಉದ್ದನೆಯ ಕ್ರೂಸರ್‌ಗಳದ್ದು ಬೇರೆ ಕಷ್ಟ. ಎರಡು ಚಕ್ರಗಳ ನಡುವಿನ ದೂರ ಜಾಸ್ತಿ ಇರುವುದರಿಂದ ತಿರುಗಲು ಅಗಲವಾದ ಜಾಗ ಬೇಕು. ಆದರೆ ಸೀಟು ತಗ್ಗು, ಕಾಲು ಸಲೀಸಾಗಿ ಊರುತ್ತದೆ, ಎಂಜಿನ್ ಕೆಳಗಿನ ಆರ್‌ಪಿಎಂನಲ್ಲೇ ಎಳೆಯುತ್ತದೆ. ಅಡ್ವೆಂಚರ್ ಬೈಕುಗಳು ಚೆನ್ನಾಗಿ ತಿರುಗುತ್ತವೆ, ಎತ್ತರ ಮಾತ್ರ ಕಾಡುತ್ತದೆ. ನೆಟ್ಟಗೆ ಕೂತು ಓಡಿಸುವ, ಮೈಮೇಲೆ ಪ್ಲಾಸ್ಟಿಕ್ ಕಡಿಮೆ ಇರುವ ಸಾಧಾರಣ ಬೈಕುಗಳನ್ನು ನೇಕೆಡ್ ಎನ್ನುತ್ತಾರಲ್ಲ, ನನ್ನ ಒಲವು ಅವುಗಳ ಕಡೆಗೇ. ಬಿದ್ದರೆ ಒಡೆಯುವ ಭಾಗಗಳೂ ಕಡಿಮೆ. ಹೊಸಬರು ನಿಂತ ಜಾಗದಲ್ಲೇ ಒಮ್ಮೆಯಾದರೂ ಗಾಡಿ ಮಲಗಿಸುತ್ತಾರೆ ಎಂದು ಮೊದಲೇ ಒಪ್ಪಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ಒಂದು ಫೇರಿಂಗ್, ಅಂದರೆ ಗಾಡಿಯ ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ, ಒಡೆದರೆ ಆಗುವ ಸಂಕಟ, ಒಂದು ಲಿವರ್ ಬಾಗಿದರೆ ಆಗುವುದಿಲ್ಲ.

ಎಡಗೈಯ ಕ್ಲಚ್ ಎಷ್ಟು ಗಟ್ಟಿ ಎಂಬುದನ್ನೂ ಮರೆಯಬೇಡಿ. ನಿಧಾನದ ಓಟವೆಲ್ಲ ಹಾಫ್ ಕ್ಲಚ್‌ನಲ್ಲೇ ನಡೆಯುವುದು. ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಅದನ್ನು ಹಿಡಿದು ಬಿಟ್ಟು ಮಾಡಿದರೆ ಮುಂಗೈ ನೋಯುತ್ತದೆ. ನೋವು ಬಂದ ಕೈ ಸೂಕ್ಷ್ಮ ಕೆಲಸ ಮಾಡುವುದಿಲ್ಲ. ಈಗಿನ ಎಷ್ಟೋ ಗಾಡಿಗಳಲ್ಲಿ ಅಸಿಸ್ಟ್ ಮತ್ತು ಸ್ಲಿಪ್ಪರ್ ಕ್ಲಚ್ ಎಂದು ಇರುತ್ತದೆ. ಲಿವರ್ ಮೆತ್ತಗಾಗುವುದು ಒಂದು ಲಾಭ. ಅವಸರದಲ್ಲಿ ಗೇರ್ ಇಳಿಸಿದಾಗ ಹಿಂದಿನ ಚಕ್ರ ಕುಪ್ಪಳಿಸದೆ ಇರುವುದು ಇನ್ನೊಂದು. ಹೊಸಬರಿಗೆ ಎರಡೂ ಬೇಕಾದವೇ.

ಈಗ ಬ್ರೇಕ್. 1981ರಲ್ಲಿ ಅಮೆರಿಕದಲ್ಲಿ ಒಂದು ವರದಿ ಬಂತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ್ದರು. ಜತೆಗೆ 3,600 ಪೊಲೀಸ್ ವರದಿಗಳನ್ನೂ ಓದಿದ್ದರು. ಹರ್ಟ್ ವರದಿ ಎಂದೇ ಅದು ಹೆಸರಾಯಿತು. ಹಳೆಯದು ನಿಜ, ಒಂದೇ ಪ್ರದೇಶದ್ದು ಎಂಬುದೂ ನಿಜ. ಆದರೂ ಅದರ ಕೆಲವು ಮಾತುಗಳು ಇವತ್ತಿಗೂ ಚುಚ್ಚುತ್ತವೆ. ಅಪಘಾತಕ್ಕೆ ಮುಂಚೆ ಆ ಬೈಕುಗಳ ಮಧ್ಯಮ ವೇಗ ಗಂಟೆಗೆ 48 ಕಿಲೋಮೀಟರ್ ಹತ್ತಿರ ಇತ್ತು. ಅಂದರೆ ಅರ್ಧದಷ್ಟು ಅಪಘಾತಗಳು ಅದಕ್ಕಿಂತ ಕಡಿಮೆ ವೇಗದಲ್ಲಿ ಶುರುವಾದವು. ಯಾವ ನೂರೈವತ್ತು ಸಿಸಿ ಗಾಡಿಯೂ ಲೀಲಾಜಾಲವಾಗಿ ಹೋಗುವ ವೇಗ ಅದು. ಗಾಬರಿಯಲ್ಲಿ ಸವಾರರು ಮಾಡಿದ್ದೇನೆಂದರೆ ಹಿಂದಿನ ಬ್ರೇಕನ್ನು ಜೋರಾಗಿ ತುಳಿದು ಚಕ್ರ ಜಾರಿಸಿದ್ದು, ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿಯದೆ ಇದ್ದದ್ದು. ಅವರಲ್ಲಿ ಶೇಕಡಾ 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು.

ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸಿ ಬೀಳುತ್ತೀಯ ಎಂದು ನಮಗೆಲ್ಲ ಯಾರಾದರೂ ಹೆದರಿಸಿಯೇ ಇರುತ್ತಾರೆ. ನಿಜಸ್ಥಿತಿ ಬೇರೆ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಡಿತವೂ ಅಲ್ಲೇ ಹೆಚ್ಚುತ್ತದೆ. ಒಣ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದ್ದೇ. ಜಾರದಂತೆ ಹಿಡಿಯುವ ಹದ ಕೈಗೆ ಬರಲು ಸಮಯ ಬೇಕು. ಅಲ್ಲಿಯವರೆಗೆ ಕಾಯುವ ಕಾವಲುಗಾರ ಎಬಿಎಸ್. ಚಕ್ರ ನಿಂತುಹೋಗುವ ಹಂತಕ್ಕೆ ಬಂದಾಗ ಅದು ಬ್ರೇಕನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಹಿಡಿಯುತ್ತದೆ. 1988ರಲ್ಲಿ ಬಿಎಂಡಬ್ಲ್ಯು ಕೆ100 ಬೈಕಿನಲ್ಲಿ ಬಂದಾಗ ಅದು ದುಬಾರಿ ಅಲಂಕಾರದಂತಿತ್ತು. 2016ರಿಂದ ಯುರೋಪಿನಲ್ಲಿ 125 ಸಿಸಿಗಿಂತ ದೊಡ್ಡ ಹೊಸ ಮಾದರಿಗಳಿಗೆಲ್ಲ ಕಡ್ಡಾಯ. ನೋಡಲು ಚೆಂದದ ಗಾಡಿ, ಎಬಿಎಸ್ ಇರುವ ಗಾಡಿ, ಎರಡರ ನಡುವೆ ಆರಿಸುವ ಪರಿಸ್ಥಿತಿ ಬಂದರೆ ನಾನು ಒಂದು ಕ್ಷಣವೂ ಯೋಚಿಸುವುದಿಲ್ಲ.

ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಹದಿನಾಲ್ಕು ಮೀಟರ್ ಸಾಗಿಬಿಡುತ್ತೇವೆ. ಅಪಾಯ ಕಂಡು ಬೆರಳು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಟಾಪ್ ಸ್ಪೀಡ್ ಕೇಳುವವರಿಗೆ ನಾನು ಕೊಡುವ ಉತ್ತರ ಇಷ್ಟೇ.

ಹೊಸದೋ ಹಳೆಯದೋ? ಗಾಡಿಯ ಬಗ್ಗೆ ಸ್ವಲ್ಪವಾದರೂ ತಿಳಿದವರು ಜತೆಗಿದ್ದರೆ ಸೆಕೆಂಡ್ ಹ್ಯಾಂಡ್ ಎನ್ನುತ್ತೇನೆ. ಹೊಸ ಗಾಡಿಯ ಮೇಲೆ ಗೀರು ಬೀಳುತ್ತದಲ್ಲ ಎಂಬ ಭಯದಲ್ಲಿ ಕಲಿಯುವವರು ಗಾಡಿ ಬೀಳಿಸದೆ ಇರಲು ಕಲಿಯುತ್ತಾರೆ, ಓಡಿಸಲು ಕಲಿಯುವುದು ನಿಧಾನವಾಗುತ್ತದೆ. ಹಳೆಯ ಗಾಡಿ ನೋಡಲು ಹೋದಾಗ ಮೊದಲು ಎಂಜಿನ್ ಹತ್ತಿರ ಕೈಯಿಟ್ಟು ನೋಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಶುರು ಮಾಡಿದ್ದಾರೆ ಎಂದರ್ಥ. ಯಾಕೆ ಎಂದು ಕೇಳಿ. ತಣ್ಣಗಿರುವ ಎಂಜಿನ್ ಹೇಗೆ ಶುರುವಾಗುತ್ತದೆ ಎಂಬುದರಲ್ಲಿ ಅದರ ಆರೋಗ್ಯ ಗೊತ್ತಾಗುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ, ಅಲ್ಲಿಂದ ಹೊರಡಿ.

ಹ್ಯಾಂಡಲ್ ತುದಿ, ಲಿವರ್ ತುದಿ, ಫುಟ್‌ರೆಸ್ಟ್ ತುದಿ ನೋಡಿ. ಒಂದು ಕಡೆ ಸಣ್ಣ ಗೀರಿದ್ದರೆ ನಿಂತಲ್ಲೇ ಬಿದ್ದಿರಬಹುದು, ದೊಡ್ಡ ವಿಷಯವಲ್ಲ. ಉದ್ದುದ್ದ ಉಜ್ಜಿದ ಗುರುತಿದ್ದರೆ ರಸ್ತೆಯ ಮೇಲೆ ಜಾರಿದೆ. ಹ್ಯಾಂಡಲ್ ಕೊನೆಯವರೆಗೆ ತಿರುಗಿದಾಗ ತಡೆಯುವ ಲೋಹದ ಮುಂಚಾಚು ಮುರಿದಿದ್ದರೆ ಪೆಟ್ಟು ಜೋರಾಗಿಯೇ ಬಿದ್ದಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ನಡುವಿನಲ್ಲಿ ಎಲ್ಲೋ ಕಚ್ಚಿ ನಿಂತಂತೆ ಆದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್ ಹೋಗಿದೆ. ನಿಧಾನದ ಓಟದಲ್ಲಿ ಇದರ ಕಾಟ ಎಷ್ಟೆಂದರೆ, ತನಗೆ ಬ್ಯಾಲೆನ್ಸ್ ಬರುತ್ತಿಲ್ಲ ಎಂದು ಹೊಸಬರು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರ) ತೀರಾ ಹಿಂಭಾಗದಲ್ಲಿ ಹಿಡಿದು ಹೊರಕ್ಕೆ ಎಳೆಯಿರಿ. ಹಲ್ಲಿನಿಂದ ಎದ್ದು ಬಂದರೆ ಸವೆದಿದೆ. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಪೂರ್ತಿ ಸೆಟ್ ಬದಲಿಸಬೇಕು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಮೇಲೆ ಆಯಿಲ್ ಜಿನುಗಿದ ಗುರುತಿದ್ದರೆ ಸೀಲ್ ಹೋಗಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3521 ಎಂದಿದ್ದರೆ 2021ರ 35ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೆರೆಗಳೆಲ್ಲ ಚೆನ್ನಾಗಿದ್ದರೂ ವರ್ಷಗಟ್ಟಲೆ ನಿಂತ ಟೈರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಕೊನೆಗೆ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಕಾಗದಪತ್ರದ ಜತೆ ತಾಳೆ ನೋಡಿ. ಬಣ್ಣ ಹೊಸದಾಗಿ ಹೊಳೆಯುತ್ತಿದೆ ಎಂಬುದನ್ನು ಗುಣ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಹೆಲ್ಮೆಟ್, ಗ್ಲೌಸ್, ಜಾಕೆಟ್, ಗಿಣ್ಣು ಮುಚ್ಚುವ ಶೂ. ಇವುಗಳ ದುಡ್ಡನ್ನು ಮೊದಲೇ ಎತ್ತಿಟ್ಟು, ಉಳಿದದ್ದರಲ್ಲಿ ಗಾಡಿ ನೋಡಿ. ಹೆಲ್ಮೆಟ್ ಹಾಕಿ ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಅದರ ಜತೆ ಅಲ್ಲಾಡಬೇಕು. ಹೆಲ್ಮೆಟ್ ಒಂದೇ ಸುತ್ತಿದರೆ ಅದು ದೊಡ್ಡದಾಯಿತು.

"ಚಿಕ್ಕ ಗಾಡಿ ತಗೊಂಡ್ರೆ ಆರು ತಿಂಗಳಲ್ಲಿ ಬೇಜಾರಾಗುತ್ತೆ, ಒಂದೇ ಸಲ ದೊಡ್ಡದು ತಗೋ" ಎಂಬ ಸಲಹೆ ನಿಮಗೂ ಸಿಕ್ಕೇ ಸಿಗುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ, ಪಾಪ. ಯುರೋಪಿನ ಲೈಸೆನ್ಸ್ ಪದ್ಧತಿ ಇದಕ್ಕೆ ವಿರುದ್ಧವಾಗಿದೆ. ಅಲ್ಲಿ ಎ1 ಹಂತದಲ್ಲಿ 125 ಸಿಸಿ, 11 ಕಿಲೋವ್ಯಾಟ್‌ವರೆಗೆ. ಎ2 ಹಂತದಲ್ಲಿ 35 ಕಿಲೋವ್ಯಾಟ್, ಅಂದರೆ ಸುಮಾರು 47 ಹಾರ್ಸ್‌ಪವರ್. ಹಾಗೆ ಮೆಟ್ಟಿಲು ಹತ್ತಿ ಬರುವವರು ಎ2ನಲ್ಲಿ ಎರಡು ವರ್ಷ ಕಳೆದ ಮೇಲೆಯೇ ದೊಡ್ಡದಕ್ಕೆ ದಾರಿ. ಜಪಾನಿನಲ್ಲಿ 400 ಸಿಸಿ ದಾಟಿದರೆ ಬೇರೆಯೇ ಲೈಸೆನ್ಸ್ ಬೇಕು. ಇನ್ನು ಬೇಜಾರಿನ ಮಾತು. ಇಪ್ಪತ್ತು ಹಾರ್ಸ್‌ಪವರಿನ ಗಾಡಿಯನ್ನು ಅದರ ಮಿತಿಯವರೆಗೆ ಚೆನ್ನಾಗಿ ಓಡಿಸುವವರನ್ನು ನಾನು ಕಂಡದ್ದು ಕಡಿಮೆ. ಬೇಜಾರಾಯಿತು ಎನ್ನುವವರಿಗೆ ಒಮ್ಮೆ ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಕಾಲು ಕೆಳಗಿಡದೆ ಎಂಟರ ಆಕಾರದಲ್ಲಿ ಸುತ್ತಿ ತೋರಿಸಿ ಎನ್ನಿ.

ಮುಂದೆ ದೊಡ್ಡ ಗಾಡಿಗೆ ಹೋಗುವಾಗಲೂ ಹರ್ಟ್ ವರದಿಯ ಇನ್ನೊಂದು ಮಾತು ಗೊತ್ತಿರಲಿ. ಅಪಘಾತಕ್ಕೆ ಸಿಕ್ಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ನಿರ್ದಿಷ್ಟ ಗಾಡಿಯ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಬೈಕ್ ಓಡಿಸಿದ ಅನುಭವ ಒಟ್ಟಾರೆ ನೋಡಿದರೆ ಸುಮಾರು ಮೂರು ವರ್ಷದ್ದಿತ್ತು. ಅಂದರೆ ಗಾಡಿ ಬದಲಾದಾಗ ಹಳಬರೂ ಒಂದಿಷ್ಟು ದಿನ ಹೊಸಬರೇ. ಹಾಗಾಗಿ ಎರಡನೇ ಗಾಡಿಯನ್ನು ನೋಡಲು ಹೋದಾಗಲೂ ಮೊದಲು ಅದರ ಮೇಲೆ ಕೂತು, ಎಂಜಿನ್ ಆಫ್ ಇರುವಾಗಲೇ ಒಂದು ಸುತ್ತು ಹಿಂದಕ್ಕೆ ತಳ್ಳಿ ನೋಡಿ. ಟೆಸ್ಟ್ ರೈಡ್ ಕೊಟ್ಟರೆ ನೇರ ರಸ್ತೆಯಲ್ಲಿ ಒಂದು ಓಟ ಹೋಗಿ ಬರುವುದರಲ್ಲಿ ಅದನ್ನು ಮುಗಿಸಿಬಿಡಬೇಡಿ. ಹತ್ತಿರದ ಖಾಲಿ ಜಾಗದಲ್ಲಿ ಮೊದಲ ಗೇರಿನಲ್ಲಿ ಎರಡೂ ಕಡೆ ಸುತ್ತು ಹಾಕಿ, ಏರಿನಲ್ಲಿ ನಿಲ್ಲಿಸಿ ಹೊರಡಿ. ಕೊಡುವುದಿಲ್ಲ ಎಂದರೆ ಕೊಡುವ ಇನ್ನೊಂದು ಅಂಗಡಿ ಹುಡುಕಿ.